ಅತ್ತೆಯ ಕೆನ್ನೆಯ ಮೇಲೆ ಶುಭೋದಯ

ಶುಭೋದಯ ಹೇಳುವವರ ಮೇಲೆ ನನಗೇನೂ ಹಗೆಯಿಲ್ಲ. ಗುಲಾಬಿ ಹೂವಿನ ಮೇಲೆ ಹೇಳಲಿ, ಹುಟ್ಟುವ ಸೂರ್ಯನ ಮೇಲೆ ಹೇಳಲಿ. ಮನೆಯ ಹಿರಿಯರ ಫೋಟೋ ಮೇಲೇ ಹಳದಿ ಅಕ್ಷರ ಕೂರಿಸಿ ಫ್ಯಾಮಿಲಿ ಗ್ರೂಪಿಗೆ ಬಿಡುತ್ತಾರಲ್ಲ, ಅವರನ್ನು ಕಂಡರೆ ಮೈ ಉರಿಯುತ್ತದೆ. ಬರೆಯುವುದು ಅವರ ಖುಷಿ, ತೆಗೆಯುವುದು ನನ್ನಂಥ ಡಿಟಿಪಿಯವನ ಪಾಡು.

ಪಕ್ಕದ ಮನೆ ಸರೋಜಮ್ಮ ಕಾಂಪೌಂಡಿಗೆ ಮೊಣಕೈ ಊರಿ ಮೊಬೈಲು ಚಾಚಿದರು. ತೀರಿಹೋದ ಅತ್ತೆಯ ಫೋಟೋ. ತಿಥಿಯ ಹೊತ್ತಿಗೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕಂತೆ. ಹಿಂದಿನ ಗೋಡೆಯಿಂದ ಶುರುವಾಗಿ ಕೆನ್ನೆ ಹಾದು ಸೆರಗಿನವರೆಗೆ ಓರೆಯಾಗಿ ‘ಶುಭೋದಯ’. ಸಾಲದ್ದಕ್ಕೆ ಮೂಲೆಯಲ್ಲಿ ಹೊಗೆಯಾಡುವ ಕಾಫಿ ಕಪ್ಪು.

“ಇದನ್ನ ಅಳಿಸಿಕೊಡಪ್ಪ. ನಿನ್ನ ಫೋಟೋಶಾಪಲ್ಲಿ ರಬ್ಬರ್ ಇರತ್ತಲ್ಲ?”

“ಇದೆ ಕಣಮ್ಮ. ಉಜ್ಜಿದರೆ ಕೆನ್ನೆಯೂ ಹೋಗತ್ತೆ.”

“ಅದು ಹೆಂಗೆ? ಅಕ್ಷರ ಮೇಲಿದೆ, ಅತ್ತೆ ಕೆಳಗಿದಾರೆ.”

ಬರೆದವರ ಹತ್ತಿರ ಲೇಯರ್ ಇರುವ ಪಿಎಸ್‌ಡಿ ಫೈಲ್ ಇದ್ದಿದ್ದರೆ ಆ ಮಾತು ನಿಜ. ಅಕ್ಷರದ ಲೇಯರ್ ಮುಚ್ಚಿದರೆ ಅತ್ತೆ ಇದ್ದ ಹಾಗೇ ಸಿಗುತ್ತಿದ್ದರು. ಜೆಪೆಗ್ ಆದಮೇಲೆ ಮೇಲು-ಕೆಳಗು ಯಾವುದೂ ಇಲ್ಲ. ಒಂದು ಪಿಕ್ಸೆಲ್‌ಗೆ ಒಂದೇ ಬಣ್ಣ. ಹಳದಿ ಅಂದರೆ ಹಳದಿ, ಕೆನ್ನೆ ಅಲ್ಲಿ ಇಲ್ಲವೇ ಇಲ್ಲ. ಅಕ್ಷರ ಅರೆಬರೆ ಪಾರದರ್ಶಕವಾಗಿದ್ದರೆ ಕೆಳಗಿನ ಬಣ್ಣವೂ ಬೆರೆತಿರುತ್ತದೆ, ಲೆಕ್ಕ ಹಾಕಿ ಬೇರೆ ಮಾಡಬಹುದು. ಒಂದೇ ವಾಟರ್‌ಮಾರ್ಕ್ ಹೊತ್ತ ರಾಶಿ ಚಿತ್ರ ಕೊಟ್ಟರೆ ಯಂತ್ರವೇ ಆ ಗುರುತನ್ನು ಕಳೆಯುತ್ತದೆ ಅಂತ ಗೂಗಲ್‌ನ ಸಂಶೋಧಕರು 2017ರಲ್ಲಿ ಮಾಡಿ ತೋರಿಸಿದ್ದಾರೆ. (ಹಾಗಂತ ಬೇರೆ ಫೋಟೋಗ್ರಾಫರನ ಹೆಸರು ಕಿತ್ತುಕೊಡು ಅಂತ ಬಂದವರಿಗೆ ನಾನು ಗೇಟು ತೆಗೆಯುವುದಿಲ್ಲ.) ಸರೋಜಮ್ಮನ ಹಳದಿಯೋ, ಗಟ್ಟಿ ಹಳದಿ. ಅಳಿಸುವ ಮಾತೇ ಇಲ್ಲ, ತೇಪೆ ಹಾಕಬೇಕು.

ಲ್ಯಾಪ್‌ಟಾಪನ್ನೇ ತಂದು ಗೋಡೆ ಮೇಲಿಟ್ಟೆ. ಮೇಲೊಂದು ಖಾಲಿ ಲೇಯರ್ ಹಾಕಿಕೊಂಡು ಮೊದಲು ಸುಲಭದ್ದು: ಹಿಂದಿನ ಗೋಡೆ. ಕ್ಲೋನ್ ಸ್ಟ್ಯಾಂಪ್ ಹಿಡಿದು, ಆಲ್ಟ್ ಒತ್ತಿ ಚೊಕ್ಕಟವಾದ ಜಾಗಕ್ಕೆ ಕ್ಲಿಕ್, ಆಮೇಲೆ ಅಕ್ಷರದ ಮೇಲೆ ಬಳಿಯುತ್ತಾ ಹೋಗುವುದು. ಮಿಕ್ಕ ಅಕ್ಷರ ಸೆಲೆಕ್ಟ್ ಮಾಡುವಾಗ ಅಂಚಿನಾಚೆಗೂ ಮೂರು ನಾಲ್ಕು ಪಿಕ್ಸೆಲ್ ಹಿಗ್ಗಿಸಬೇಕು. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸಿ ಅದುಮುತ್ತದೆ. ಅದರಲ್ಲಿ ಹಳದಿ ಸುತ್ತಮುತ್ತ ಸೋರಿರುತ್ತದೆ. ವಾಟ್ಸಾಪಿನಲ್ಲಿ ಊರು ಸುತ್ತಿ ಬಂದ ಚಿತ್ರವಾದರೆ ಕೇಳುವುದೇ ಬೇಡ. ಅಂಚು ಬಿಟ್ಟಿರೋ, ಅಕ್ಷರ ಹೋದರೂ ಅದರ ನೆರಳು ಶುಭೋದಯ ಅನ್ನುತ್ತಲೇ ಇರುತ್ತದೆ.

ಚರ್ಮಕ್ಕೆ 2002ರ ಫೋಟೋಶಾಪ್ 7ರಲ್ಲಿ ಬಂದ ಹೀಲಿಂಗ್ ಬ್ರಷ್ಷೇ ನನಗೆ ಇಷ್ಟ: ಚೊಕ್ಕಟವಾದ ಜಾಗದಿಂದ ತರಿಯನ್ನಷ್ಟೇ ತಂದು, ಬಣ್ಣ ಬೆಳಕನ್ನು ತೇಪೆ ಬೀಳುವ ಜಾಗದ್ದಕ್ಕೆ ಹೊಂದಿಸುತ್ತದೆ. (ದುಡ್ಡು ಕೊಡಲಾರದವರಿಗೆ ಗಿಂಪ್‌ನಲ್ಲೂ ಇದೇ ಸಲಕರಣೆ ಬಿಟ್ಟಿ ಸಿಗುತ್ತದೆ.) ಸರೋಜಮ್ಮನಿಗೆ ತಾಳ್ಮೆ ಇಲ್ಲ, ಬೇಗ ಆಗಲಿ ಅಂದರು. ಸರಿ, 2010ರಿಂದ ಇರುವ ಕಂಟೆಂಟ್-ಅವೇರ್ ಫಿಲ್ ಒತ್ತಿದೆ. ಅದು ಅಕ್ಕಪಕ್ಕ ನೋಡಿ ತಾನೇ ತುಂಬುತ್ತದೆ. ನೋಡಿದ್ದು ಮೂಗನ್ನು! ಕೆನ್ನೆಯ ನಟ್ಟನಡುವೆ ಇನ್ನೊಂದು ಮೂಗುಬೊಟ್ಟು ಹೊಳೆಯಿತು.

“ಅಯ್ಯೋ, ಒಂದು ಮೂಗುಬೊಟ್ಟಿಗೇ ಮಾವನ ಹತ್ರ ವರ್ಷಗಟ್ಟಲೆ ಮಾತು ಬಿಟ್ಟಿದ್ರಪ್ಪ!” ಎಂದು ಸರೋಜಮ್ಮ ಬಿದ್ದು ಬಿದ್ದು ನಕ್ಕರು.

ಕೊನೆಗೆ 2023ರಲ್ಲಿ ಬಂದ ಜೆನರೇಟಿವ್ ಫಿಲ್. ಅದು ಒಂದಲ್ಲ, ಮೂರು ಕೆನ್ನೆ ಕೊಟ್ಟು ಆರಿಸಿಕೋ ಅಂತು. ಮೂರೂ ಬೆಣ್ಣೆಯ ಹಾಗಿದ್ದವು. ಸರೋಜಮ್ಮ ಕನ್ನಡಕ ಏರಿಸಿಕೊಂಡು ನೋಡಿದರು.

“ಚೆನ್ನಾಗೇನೋ ಇದೆ. ಇಲ್ಲೊಂದು ಮಚ್ಚೆ ಇತ್ತಲ್ಲೋ?”

ಅಕ್ಷರದ ಅಡಿಯಲ್ಲಿ ಏನಿತ್ತು ಅಂತ ಆ ಯಂತ್ರಕ್ಕೇನು ಗೊತ್ತು? ಅದು ಕಂಡದ್ದು ಸಾವಿರಾರು ಮಂದಿಯ ಕೆನ್ನೆ, ಇವರ ಅತ್ತೆಯದಲ್ಲ. “ಇದನ್ನ ಬರೆದು ಕಳಿಸಿದವರ ಮೊಬೈಲಲ್ಲಿ ಅಕ್ಷರ ಇಲ್ಲದ ಫೋಟೋ ಇದ್ದೇ ಇರತ್ತಮ್ಮ. ಒಂದು ಫೋನ್ ಮಾಡಿ. ಯಾರವರು?” ಅಂದೆ.

ಸರೋಜಮ್ಮನ ಮುಖ ಬಿಗಿಯಿತು. “ನನ್ನ ನಾದಿನಿ. ಅವಳನ್ನ ನಾನು ಕೇಳೋದಾ? ನೀನೇ ಒಂದು ಮಚ್ಚೆ ಇಟ್ಟುಬಿಡಪ್ಪ. ಎಡಗಡೆ, ತುಟಿಯಿಂದ ಒಂಚೂರು ಮೇಲೆ.”