ಮಿಲ್ವಾಕಿಯ ಬಾರ್ಲಿ ನೀರು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಂಡರೆ ಪೊಲೀಸರು ಬರುವುದಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕೇಂದ್ರ ಕಾಯಿದೆಯಂತೆ ಗಂಡ ಹೆಂಡತಿ ಇರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಮಿಕ್ಕಿ, ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಈ ಕಡೆಯ ಷರತ್ತನ್ನು ನನ್ನ ಬಿಯರ್ ಕುಡಿದವರೇ ಬರೆಸಿದ್ದಾರೆಂದು ನನ್ನ ಹೆಂಡತಿಯ ಗುಮಾನಿ.

ನಾವಿರುವುದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಪಾಬ್ಸ್ಟ್, ಮಿಲ್ಲರ್, ಶ್ಲಿಟ್ಜ್ ಎಂಬ ಬಿಯರ್ ಕಂಪನಿಗಳೆಲ್ಲ ಬೆಳೆದ ಊರು. ಇಲ್ಲಿಗೆ ಬಂದು ಬಿಯರ್ ಮಾಡಲು ಹೊರಟ ಹಾಸನದವನ ಧೈರ್ಯ, ಉಡುಪಿಯಲ್ಲಿ ದೋಸೆ ಹೋಟೆಲ್ ತೆಗೆಯುವ ವಿಸ್ಕಾನ್ಸಿನ್‌ನವನ ಧೈರ್ಯಕ್ಕೆ ಸಮ.

ಗ್ಯಾರೇಜಿನಲ್ಲೊಂದು ಹಳೇ ಫ್ರಿಜ್ಜು, ಗ್ಯಾಸ್ ಸಿಲಿಂಡರು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 5 ಗ್ಯಾಲನ್ನಿನ ಸ್ಟೀಲ್ ಕೆಗ್. ಹಿಂದೆ ಸೋಡಾ ಅಂಗಡಿಗಳಲ್ಲಿ ಸಿರಪ್ ತುಂಬಿಡುತ್ತಿದ್ದ ಪಾತ್ರೆ ಅದು. ಊರಿಂದ ಬಂದಿದ್ದ ಅಮ್ಮನಿಗೆ, "ಬಾರ್ಲಿ ನೀರಮ್ಮ, ಉಷ್ಣಕ್ಕೆ ಒಳ್ಳೇದು" ಎಂದೆ. ಸುಳ್ಳೇನಲ್ಲ, ಅದರಲ್ಲಿ ಬಾರ್ಲಿಯೂ ಇತ್ತು, ನೀರೂ ಇತ್ತು.

"ಹೌದೌದು, ನಿಮ್ಮಪ್ಪನೂ ಕ್ಲಬ್ಬಲ್ಲಿ ಇದೇ ಬಾರ್ಲಿ ನೀರು ಕುಡೀತಿದ್ರು" ಅಂದಳು ಅಮ್ಮ.

ಕೆಗ್ಗಿನಿಂದ ಗಾಜಿನ ಲೋಟಕ್ಕೆ ಬಗ್ಗಿಸಿದೆ. ಅಮ್ಮ ಇಣುಕಿ, "ಇದೇನೋ, ಕಲಗಚ್ಚು! ಹಸು ಇದ್ದಿದ್ರೆ ಅದಕ್ಕಾದ್ರೂ ಇಡಬೋದಿತ್ತು" ಅಂದಳು. ಬಾಯಿಗಿಟ್ಟರೆ ಸೊಂಟ ನೋವಿನ ಮುಲಾಮಿನ ಘಾಟು.

ನಾನು ಸಾಫ್ಟ್‌ವೇರ್‌ನವನು. ಏನೇ ಕೆಟ್ಟರೂ ಮೊದಲು ಎಕ್ಸೆಲ್ ತೆರೆಯುವ ಜಾತಿ. ಸಾಲು ಸಾಲಾಗಿ ಬರೆದುಕೊಂಡೆ. ಬೆಣ್ಣೆ ವಾಸನೆ ಬಂದರೆ ಡೈಅಸಿಟೈಲ್, ಯೀಸ್ಟ್ ಕೆಲಸ ಮುಗಿಸುವ ಮೊದಲೇ ತಣ್ಣಗೆ ಮಾಡಿದ್ದೀರಿ. ಹಸಿ ಸೇಬಿನ ವಾಸನೆಯಾದರೆ ಬಿಯರ್ ಇನ್ನೂ ಎಳಸು. ಬೇಯಿಸಿದ ಮುಸುಕಿನ ಜೋಳದ್ದಾದರೆ ಕುದಿಸುವಾಗ ಮುಚ್ಚಳ ಮುಚ್ಚಿದ್ದಿರಿ. ಒದ್ದೆ ರಟ್ಟಿನದಾದರೆ ಗಾಳಿ ತಗುಲಿದೆ. ಔಷಧಿ ವಾಸನೆಯೋ? ನಲ್ಲಿ ನೀರಿನ ಕ್ಲೋರಿನ್ ಬಿಯರಿನ ಫಿನಾಲ್ ಜೊತೆ ಸೇರಿ ಕ್ಲೋರೋಫಿನಾಲ್ ಆಗಿದೆ. ಸಿಕ್ಕಿಬಿದ್ದ ಕಳ್ಳ! ಕ್ಲೋರಿನ್ ಹೊಡೆದುಹಾಕುವ ಕ್ಯಾಂಪ್ಡೆನ್ ಮಾತ್ರೆ ತರಿಸಿದೆ, ದೊಡ್ಡದೊಂದು ಫಿಲ್ಟರ್ ಕೂರಿಸಿದೆ, ಹೊಸದಾಗಿ ಬಿಯರ್ ಮಾಡಿ ಅದೇ ಕೆಗ್ಗಿಗೆ ತುಂಬಿದೆ. ಮುಲಾಮು ಕದಲಲಿಲ್ಲ.

ಅಮ್ಮ ದೂರದಿಂದಲೇ ಮೂಸಿ ಕೇಳಿದಳು: "ಗ್ಯಾಸ್ಕೆಟ್ ಬದಲಾಯಿಸಿದ್ಯಾ? ಸಾರಿನ ಕುಕ್ಕರಲ್ಲಿ ಪಾಯಸಕ್ಕೆ ಇಟ್ರೆ ಹಿಂಗೇ ಆಗೋದು."

ಆ ಕೆಗ್ಗಿನಲ್ಲಿ ಹಿಂದೆ ಇದ್ದದ್ದು ರೂಟ್ ಬಿಯರ್. ಹೆಸರಿಗಷ್ಟೇ ಬಿಯರ್, ಅದೊಂದು ಸೋಡಾ. ಅದರಲ್ಲಿರುವ ವಿಂಟರ್‌ಗ್ರೀನ್ ಪರಿಮಳ ನಮ್ಮ ಮುಲಾಮುಗಳಲ್ಲಿರುವುದೇ. ರಬ್ಬರ್ ಉಂಗುರಗಳು ಅದನ್ನು ಹೀರಿಕೊಂಡು ಕೂತಿದ್ದವು. ಹೊಸ ಉಂಗುರಗಳಿಗೆ ಕೆಲವೇ ಡಾಲರ್. ಫಿಲ್ಟರಿಗೆ ಎಷ್ಟಾಯಿತೆಂದು ಬರೆಯುವುದಿಲ್ಲ, ಹೆಂಡತಿ ಕನ್ನಡ ಓದುತ್ತಾಳೆ.

ಉಳಿದದ್ದು ಬಗ್ಗಡ. ಕೆಗ್ಗಿನೊಳಗಿನ ಕೊಳವೆ ತಳದವರೆಗೆ ಇಳಿದಿರುವುದರಿಂದ ಮೊದಮೊದಲ ಲೋಟಗಳಲ್ಲಿ ತಳ ಹಿಡಿದ ಯೀಸ್ಟೇ ಬರುತ್ತದೆ. ಅದನ್ನು ಚೆಲ್ಲಿ ಸುಮ್ಮನಿರಬೇಕು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಬೆಳಗಾದರೆ ಕೆಗ್ಗನ್ನು ಫ್ರಿಜ್ಜಿನಿಂದ ಎತ್ತಿ, ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ತಿಳಿಯಾಯಿತೇ ಎಂದು ನೋಡುತ್ತಿದ್ದೆ. ಎತ್ತಿದಾಗೆಲ್ಲ ತಳದ್ದು ಮೇಲೆ, ತೆರೆದಾಗೆಲ್ಲ ಗಾಳಿ ಒಳಗೆ. ಎಕ್ಸೆಲ್ಲಿನ ಒದ್ದೆ ರಟ್ಟಿನ ಸಾಲಿಗೂ ಗುರುತು ಬಿತ್ತು.

ಜೆಲಟಿನ್ ಹಾಕಿ ತಿಳಿಗೊಳಿಸಲು ಹೊರಟರೆ ಕನ್ನಡ ಕೂಟದ ಗೆಳೆಯ ಅಡ್ಡ ಬಂದ. ಏಕಾದಶಿಯೊಂದು ಬಿಟ್ಟು ಯಾವ ದಿನ ಕರೆದರೂ ಬರುವವನು. "ಅದು ಪ್ರಾಣಿಗಳ ಚರ್ಮ, ಮೂಳೆದು ಮಾರಾಯ. ನಾವು ಕುಡುಕರಿರಬೋದು, ಸಸ್ಯಾಹಾರಿಗಳು!" ಐಸಿಂಗ್ಲಾಸ್ ಎಂದೆ. ಅದು ಮೀನಿನ ಗಾಳಿಚೀಲ. ಅದಕ್ಕೂ ಮಡಿ ಅಡ್ಡ ಬಂತು.

ಕೊನೆಗೆ ಯಾರೋ ಮುಗಿಸಲಾರದೆ ಮೇಜಿನ ಮೇಲೆ ಬಿಟ್ಟುಹೋದ ಲೋಟ ಗುಟ್ಟು ಬಿಟ್ಟುಕೊಟ್ಟಿತು. ಬೆಚ್ಚಗಾಗಿತ್ತು, ಸ್ಫಟಿಕದಂತೆ ತಿಳಿಯಾಗಿತ್ತು. ಮಾಲ್ಟಿನ ಪ್ರೋಟೀನು, ಪಾಲಿಫಿನಾಲುಗಳು ಚಳಿಗೆ ಒಂದಕ್ಕೊಂದು ಅಂಟಿಕೊಂಡು ಮಬ್ಬಾಗುತ್ತವೆ, ಬೆಚ್ಚಗಾದರೆ ಬಿಡಿಸಿಕೊಳ್ಳುತ್ತವೆ. ರುಚಿಗೆ ಬಾಧಕವಿಲ್ಲ. ನನ್ನ ಬಿಯರ್ ತಣ್ಣಗಿದ್ದರೆ ಬಗ್ಗಡ, ತಿಳಿಯಿದ್ದರೆ ಬಿಸಿ.

ಈ ಮಬ್ಬಿನ ಜೊತೆ ಜಗಳಕ್ಕಿಳಿದ ದೊಡ್ಡವರೂ ಸೋತಿದ್ದಾರೆ. 1976ರಲ್ಲಿ ಇದೇ ಊರಿನ ಶ್ಲಿಟ್ಜ್ ಮಬ್ಬು ತಡೆಯಲು ಹಾಕಿದ ಹೊಸ ವಸ್ತು, ನೊರೆ ನಿಲ್ಲಲೆಂದು ಹಾಕಿದ್ದರ ಜೊತೆ ಸೇರಿ ಬಿಯರಿನಲ್ಲಿ ಚೂರುಚೂರಾಗಿ ತೇಲಿತು. ಸುಮಾರು ಒಂದು ಕೋಟಿ ಬಾಟಲಿ ವಾಪಸು ತರಿಸಿಕೊಂಡರು. ರಸಾಯನ ಶಾಸ್ತ್ರಜ್ಞರನ್ನು ಸಂಬಳ ಕೊಟ್ಟು ಇಟ್ಟುಕೊಂಡವರ ಪಾಡೇ ಹೀಗಾದರೆ, ಟಾರ್ಚ್ ಹಿಡಿದವನದೇನು?

ಮಿಲ್ವಾಕಿ ಕಡೆ ಬಂದರೆ ಮನೆಗೆ ಬನ್ನಿ. ಬಿಯರ್ ತಣ್ಣಗಿರುತ್ತದೆ, ಮುಲಾಮು ವಾಸನೆ ಇರುವುದಿಲ್ಲ. ಗಾಜಿನ ಲೋಟ ಮಾತ್ರ ಕೇಳಬೇಡಿ. ಈಗ ಎಲ್ಲರಿಗೂ ಸ್ಟೀಲ್ ಲೋಟದಲ್ಲೇ ಕೊಡುವುದು.