‘ನನ್ನ ಕಮಿಷನ್ ಬಹಿರಂಗ, ಸ್ವಾಮಿ!’

ತುಮಕೂರು ಸೀಮೆಯ ಒಂದು ತೆಂಗಿನ ತೋಟ. ಮೀಟರ್ ಬೋರ್ಡಿನಿಂದ ಬಾವಿಯ ಮೋಟಾರಿನವರೆಗೆ 150 ಮೀಟರ್ ಉದ್ದಕ್ಕೆ ಮಲಗಿರುವ ಎರಡು ಕೋರಿನ ತಾಮ್ರದ ವೈರ್ ಈ ವಾರದ ಅತಿಥಿ. ಮೋಟಾರು ಮತ್ತೆ ಸುಟ್ಟಿದೆ. ಮಾಲೀಕರು ಲೈನ್‌ಮನ್‌ನನ್ನೂ ಮೋಟಾರು ಮಾರಿದವರನ್ನೂ ಸರ್ಕಾರವನ್ನೂ ಬೈದು ಮುಗಿಸಿದ್ದಾರೆ. ವೈರನ್ನು ಮಾತ್ರ ಇದುವರೆಗೆ ಯಾರೂ ವಿಚಾರಿಸಿರಲಿಲ್ಲ.

ಮೋಟಾರು ಸುಟ್ಟಿದ್ದರಲ್ಲಿ ನಿಮ್ಮ ಕೈವಾಡ ಇದೆಯಂತೆ?

ಕೈವಾಡ ಅಲ್ಲ ಸ್ವಾಮಿ, ಕಮಿಷನ್. ನನ್ನದು ಒಂದು ಚದರ ಮಿಲಿಮೀಟರ್ ಗಾತ್ರ. ಮೀಟರಿಗೆ ಸುಮಾರು 0.017 ಓಮ್ ರೋಧ. ಉದ್ದ ಎರಡರಷ್ಟಾದರೆ ರೋಧವೂ ಎರಡರಷ್ಟು, ಮೂರರಷ್ಟಾದರೆ ಮೂರರಷ್ಟು. ಇಷ್ಟು ಪಕ್ಕಾ ಲೆಕ್ಕದ ದಲ್ಲಾಳಿಯನ್ನು ಯಾವ ಮಂಡಿಯಲ್ಲಾದರೂ ತೋರಿಸಿ.

150 ಮೀಟರಿಗೆ ಎರಡೂವರೆ ಓಮ್ ಆಯಿತು. ಅಷ್ಟಕ್ಕೇ ಮೋಟಾರು ಸುಡುತ್ತದೆಯೇ?

ಎಲ್ಲರೂ ಹೋಗುವ ದಾರಿಯನ್ನಷ್ಟೇ ಅಳೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ಸು ಬರಬೇಡವೇ? ಒಟ್ಟು 300 ಮೀಟರ್, 5 ಓಮ್. ಒಂದು ಎಚ್‌ಪಿ ಮೋಟಾರು 7 ಆಂಪಿಯರ್ ಎಳೆದರೆ 35 ವೋಲ್ಟ್ ದಾರಿಯಲ್ಲೇ ನನ್ನ ಪಾಲು. ಬೋರ್ಡಿನಲ್ಲಿ 230 ಇದ್ದದ್ದು ಬಾವಿಯ ಹತ್ತಿರ 195. ಇದು ಓಡುವಾಗಿನ ಮಾತು. ಸ್ಟಾರ್ಟ್ ಆಗುವ ಹೊತ್ತಿಗೆ ಮೋಟಾರು ಹಲವು ಪಟ್ಟು ಕರೆಂಟು ಕೇಳುತ್ತದೆ. ನನ್ನ ಪಾಲೂ ಅಷ್ಟೇ ಏರುತ್ತದೆ. ಪಾಪ, ಎತ್ತಲಾರದೆ ಗುಂಯ್ ಅಂತ ನಿಂತಲ್ಲೇ ಕಾಯಿಲ್ ಸುಟ್ಟುಕೊಳ್ಳುತ್ತದೆ.

ಹಾಗೆ ಹೊಡೆದದ್ದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೀರಿ?

ಒಂದು ಪೈಸೆ ಆಸ್ತಿ ಮಾಡಿಲ್ಲ. ನನ್ನೊಳಗೆ ಹರಿಯುವ ಎಲೆಕ್ಟ್ರಾನುಗಳು ನಡುಗುತ್ತಿರುವ ತಾಮ್ರದ ಪರಮಾಣುಗಳಿಗೆ ತಾಗಿ ತಾಗಿ ಶಕ್ತಿ ಕಳೆದುಕೊಳ್ಳುತ್ತವೆ. ದಾರಿ ಉದ್ದವಾದಷ್ಟೂ ಈ ತಾಕಲಾಟ ಹೆಚ್ಚು. ಕಳೆದದ್ದೆಲ್ಲ ಬಿಸಿಯಾಗುತ್ತದೆ, 245 ವ್ಯಾಟ್. ನೀರು ಎತ್ತಬೇಕಾದ ಕರೆಂಟಿನಲ್ಲಿ ನಾನು ತೋಟದ ಗಾಳಿ ಕಾಯಿಸುತ್ತಿದ್ದೇನೆ. ಲೋಕಾಯುಕ್ತರು ಬಂದರೂ ಸಿಗುವುದು ಬೆಚ್ಚಗಿನ ವೈರ್ ಅಷ್ಟೇ.

ಈ ಲೆಕ್ಕವನ್ನು ಹೊರಗೆ ಹಾಕಿದವರು ಯಾರು?

ಗಿಯೋರ್ಗ್ ಓಮ್ ಅನ್ನುವ ಜರ್ಮನಿಯ ಒಬ್ಬ ಮೇಷ್ಟ್ರು. 1826ರಲ್ಲಿ ಕಲೋನ್ ಊರಿನಲ್ಲಿ 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ನೋಡಿದರು. ಆಗಿನ ಬ್ಯಾಟರಿಗಳು ಒಂದೇ ಸಮ ನಿಲ್ಲುತ್ತಿರಲಿಲ್ಲ. ಅದಕ್ಕೇ ಬಿಸ್ಮತ್ ಮತ್ತು ತಾಮ್ರ ಸೇರಿಸಿ, ಒಂದು ಕೂಡಿಕೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ಕರೆಂಟು ಪಡೆದರು. ಮರುವರ್ಷ ಪುಸ್ತಕವೂ ಬಂತು. ಅವರ ನಾಡಿನ ಪಂಡಿತರೇ ಮೂಗು ಮುರಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ಕಮಿಷನ್ ಬಯಲಿಗೆಳೆದವರಿಗೆ ಶಾಲು ಹಾರ ತಡವಾಗಿ ಬರುವುದು ಎಲ್ಲ ದೇಶದಲ್ಲೂ ಇದ್ದದ್ದೇ.

ಉದ್ದವೇ ತೊಂದರೆ ಅಂದರೆ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಹೇಗೆ?

1902ರಲ್ಲಿ, ಸುಮಾರು 147 ಕಿಲೋಮೀಟರ್! ನಮ್ಮ ಕುಲದವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಉದ್ದವನ್ನು ಗೆಲ್ಲಲು ಆಗಿನ ಎಂಜಿನಿಯರುಗಳು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರು. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿ ಸಾಗಿಸಲು ಹತ್ತನೇ ಒಂದರಷ್ಟು ಕರೆಂಟು ಸಾಕು. ಆಗ ತಂತಿಯಲ್ಲಿ ಪೋಲಾಗುವುದು ನೂರನೇ ಒಂದು ಪಾಲು.

ತೋಟದಲ್ಲಿ ಹಾಗೆ ಏರಿಸಲಾಗದಲ್ಲ?

ಬೇಡವೇ ಬೇಡ! ಇಲ್ಲಿ ದಪ್ಪ ಮಾಡಿದರೆ ಸಾಕು. ನಾಲ್ಕು ಚದರ ಮಿಲಿಮೀಟರಿನ ವೈರ್ ಎಳೆದಿದ್ದರೆ ರೋಧ ಕಾಲು ಭಾಗಕ್ಕೆ ಇಳಿದು 9 ವೋಲ್ಟಿನ ಒಳಗೇ ಮುಗಿಯುತ್ತಿತ್ತು. ಅಂಗಡಿಯವರು ಅದನ್ನೇ ತೋರಿಸಿದರು. ಮಾಲೀಕರು ಬೆಲೆ ಕೇಳಿ, ‘ಕರೆಂಟು ಹೋಗೋಕೆ ಇಷ್ಟು ದಪ್ಪ ಯಾಕ್ರೀ?’ ಅಂದು ನನ್ನನ್ನು ಸುತ್ತಿಸಿಕೊಂಡು ಬಂದರು. ಉಳಿಸಿದ ದುಡ್ಡು ರೀವೈಂಡಿಂಗ್ ಅಂಗಡಿಗೆ ಕಂತಿನಲ್ಲಿ ಸಂದಾಯವಾಗುತ್ತಿದೆ.

ಈಗಲಾದರೂ ನಿಮ್ಮನ್ನು ಬದಲಾಯಿಸುತ್ತಾರಂತೆಯೇ?

ಇಲ್ಲ, ಮೋಟಾರಿನ ಪಕ್ಕ ಸ್ಟೆಬಿಲೈಸರ್ ಕೂರಿಸುತ್ತಾರಂತೆ.

ಹಾಗಾದರೆ ನಿಮ್ಮ ಕಮಿಷನ್‌ಗೆ ಕತ್ತರಿ!

ಕತ್ತರಿಯೇ? ಬಾವಿ ಹತ್ತಿರ ವೋಲ್ಟೇಜ್ ಏರಿಸಬೇಕಾದರೆ ಸ್ಟೆಬಿಲೈಸರ್ ನನ್ನಿಂದಲೇ ಇನ್ನಷ್ಟು ಕರೆಂಟು ಎಳೆಯಬೇಕು. ಕರೆಂಟು ಹೆಚ್ಚಿದರೆ ಬಿಸಿ ಅದರ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. ನಾನು ಅರ್ಜಿಯನ್ನೂ ಹಾಕಿರಲಿಲ್ಲ ಸ್ವಾಮಿ, ಮಾಲೀಕರೇ ಸ್ವಂತ ಖರ್ಚಿನಲ್ಲಿ ಬಡ್ತಿ ಕೊಡಿಸುತ್ತಿದ್ದಾರೆ.