ರೈಟ್ಸ್ ತಗೊಂಡ್ರಿ ಸರಿ, ನಗು ತಂದ್ರಾ?

ರೀಮೇಕ್ ಕಾಮಿಡಿ ನೋಡುತ್ತಾ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಪಕ್ಕದಲ್ಲೊಬ್ಬ ಮಹಾನುಭಾವ ಇದ್ದೇ ಇರುತ್ತಾನೆ. "ಇದಕ್ಕೇ ಇಷ್ಟು ನಗ್ತೀಯಲ್ಲೋ, ಒರಿಜಿನಲ್ ನೋಡಿಲ್ವಾ?" ಅಂತ ಕೇಳಿ ನಿಮ್ಮ ನಗುವನ್ನು ಗಂಟಲಲ್ಲೇ ಹಿಚುಕಿಬಿಡುತ್ತಾನೆ. ಅವನ ಪ್ರಕಾರ ಭೂಮಿಯ ಮೇಲಿನ ಸಕಲ ಕಾಮಿಡಿಯೂ ಮಲಯಾಳಂನಲ್ಲೇ ಚೆನ್ನಾಗಿತ್ತು. ಮಲಯಾಳಂ ಬರುತ್ತಾ ಅಂತ ಮಾತ್ರ ಕೇಳಬೇಡಿ. ಸಬ್‌ಟೈಟಲ್ ಬರುತ್ತೆ.

ಈ ಪೈಕಿಯವರು ನಮ್ಮಲ್ಲಿ ಸ್ವಲ್ಪ ಹೆಚ್ಚೇ. ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ಹಟ ಹಿಡಿದ ನಾಡಲ್ಲವೇ ನಮ್ಮದು? ಪಕ್ಕದವರ ಕಥೆ ಬೇಕಾದರೆ ರೀಮೇಕ್ ಮಾಡಿಕೊಳ್ಳಬೇಕಿತ್ತು. ತಮಾಷೆ ಏನಪ್ಪಾ ಅಂದರೆ, ಆ ಮೂಲ ತಮಿಳೋ ತೆಲುಗೋ ಹಿಂದಿಯೋ ಬೆಂಗಳೂರಿನ ಥಿಯೇಟರಿನಲ್ಲೇ ಆಗಲೇ ಓಡಿರುತ್ತಿತ್ತು. ಹಾಗಾಗಿ ನಮ್ಮ ರೀಮೇಕ್ ಡೈರೆಕ್ಟರು ಜೋಕು ಹೇಳುತ್ತಿದ್ದದ್ದು, ಅದನ್ನು ಹೋದ ವರ್ಷವೇ ಕೇಳಿ ಮುಗಿಸಿದವರ ಮುಂದೆ. ಅಳಿಸುವ ಸಿನಿಮಾಕ್ಕೆ ಈ ಕಷ್ಟವಿಲ್ಲ. ತಾಯಿ ಆಸ್ಪತ್ರೆ ಸೇರಿದರೆ ಯಾವ ಭಾಷೆಯಲ್ಲಾದರೂ, ಎಷ್ಟನೇ ಸಲವಾದರೂ ಕಣ್ಣು ಒದ್ದೆಯಾಗುತ್ತೆ. ಜೋಕು ಎರಡನೇ ಸಲಕ್ಕೆ ಆಕಳಿಕೆ.

ಹಾಗಂತ ಎಲ್ಲರೂ ಹೇಳುತ್ತಾರೆ. ಆದರೆ 'ಪಡೋಸನ್' ಟೀವಿಯಲ್ಲಿ ಬಂದಾಗ ಅದೇ ಜನ ಚಾನೆಲ್ ಬದಲಾಯಿಸದೆ ಕೂತು, ಕಿಶೋರ್ ಕುಮಾರ್ ಪಾನ್ ಅಗಿಯುವ ಮೊದಲೇ ನಗಲು ಶುರು ಮಾಡುತ್ತಾರಲ್ಲ, ಅದು ಹೇಗೆ? ಹೋಗಲಿ, ಆ ಪಡೋಸನ್ ಒರಿಜಿನಲ್ಲೇ? ಅದು ಬಂದದ್ದು 1968ರಲ್ಲಿ. ಬಂಗಾಳಿಯ 'ಪಾಶೇರ್ ಬಾಡಿ' 1952ರದ್ದು. 1953ರಲ್ಲಿ ತೆಲುಗು, 1960ರಲ್ಲಿ ತಮಿಳು, ಆಮೇಲೆ ಹಿಂದಿ, ಕೊನೆಗೆ 2004ರಲ್ಲಿ ನಮ್ಮ ರಾಘವೇಂದ್ರ ರಾಜ್‌ಕುಮಾರ್ ಅವರ 'ಪಕ್ಕದ್ಮನೆ ಹುಡುಗಿ'. ಪಕ್ಕದ ಮನೆಯ ಹುಡುಗಿಗೆ ಪರದೆಯ ಹಿಂದಿನಿಂದ ಗೆಳೆಯನ ಕೈಲಿ ಹಾಡಿಸಿ ಮರುಳು ಮಾಡುವ ಕಥೆ ಅರ್ಧ ದೇಶ ಸುತ್ತಿ ಬಂದಿದೆ. ನಮ್ಮ ಮಹಾನುಭಾವ ಮೂಲ ಅಂತ ಎದೆ ತಟ್ಟಿಕೊಳ್ಳುವ ಸಿನಿಮಾ, ಸರದಿಯಲ್ಲಿ ಎಷ್ಟೋ ಹಿಂದೆ ನಿಂತದ್ದು. ಅಂದರೆ ಇಷ್ಟೇ: ನಾವು ಮೊದಲು ಯಾವುದನ್ನು ನೋಡಿ ನಕ್ಕೆವೋ ಅದೇ ನಮಗೆ ಒರಿಜಿನಲ್. ಮಿಕ್ಕದ್ದೆಲ್ಲ ಕಾಪಿ.

ಮೂಲ ಹುಡುಕಿ ಹೊರಟರೆ ಶೇಕ್ಸ್‌ಪಿಯರ್ ಕೂಡ ಸಿಕ್ಕಿಹಾಕಿಕೊಳ್ಳುತ್ತಾನೆ. 'ಕಾಮಿಡಿ ಆಫ್ ಎರರ್ಸ್' ಕಥೆಯನ್ನು ಅವನು ಎತ್ತಿದ್ದು ಪ್ಲಾಟಸ್ ಎಂಬ ರೋಮನ್ ನಾಟಕಕಾರನಿಂದ. ಪ್ಲಾಟಸ್‌ನ ಹತ್ತಿರ ಇದ್ದದ್ದು ಒಂದೇ ಜೊತೆ ಅವಳಿಗಳು. ಶೇಕ್ಸ್‌ಪಿಯರ್ "ಒಂದು ಜೊತೆ ಸಾಲದು" ಅಂತ ಆಳುಗಳನ್ನೂ ಅವಳಿ ಮಾಡಿಬಿಟ್ಟ. ನೋಡಿ, ರೀಮೇಕ್ ಮಾಡುವವನಿಗೆ ಇರಬೇಕಾದ ಧೈರ್ಯ ಅಂದರೆ ಇದು. ಅದೇ ಕಥೆಯನ್ನು ಗುಲ್ಜಾರ್ 'ದೋ ದೂನಿ ಚಾರ್'ಗೆ ಬರೆದುಕೊಟ್ಟರು, 1968ರಲ್ಲಿ ಅದು ಸದ್ದು ಮಾಡಲಿಲ್ಲ. ಮನುಷ್ಯ ಬಿಡಲಿಲ್ಲ. 1982ರಲ್ಲಿ ತಾವೇ ನಿರ್ದೇಶಿಸಿ 'ಅಂಗೂರ್' ಮಾಡಿದರು. ಸಂಜೀವ್ ಕುಮಾರ್, ದೇವೇನ್ ವರ್ಮಾ ಇಬ್ಬರೂ ಇಬ್ಬಿಬ್ಬರಾಗಿ ನಗಿಸಿದರು. ನಮ್ಮಲ್ಲಿ ಎನ್.ಎಸ್. ಶಂಕರ್ 1997ರಲ್ಲಿ ರಮೇಶ್ ಅರವಿಂದ್ ಮತ್ತು ಕಾಶಿಯನ್ನು ಇಟ್ಟುಕೊಂಡು 'ಉಲ್ಟಾ ಪಲ್ಟಾ' ಮಾಡಿದರು. ಅದನ್ನು ನೋಡಿ ನಕ್ಕವರಲ್ಲಿ ಪ್ಲಾಟಸ್‌ಗೆ ಎಷ್ಟು ಸಲ್ಲಬೇಕು, ಕಾಶಿಗೆ ಎಷ್ಟು ಸಲ್ಲಬೇಕು ಅಂತ ಲೆಕ್ಕ ಹಾಕಿದವರು ಯಾರೂ ಇರಲಾರರು.

ನನ್ನ ವಾದ ಏನೆಂದರೆ, ಕಾಮಿಡಿಯಲ್ಲಿ ರೈಟ್ಸ್ ಅಂತ ದುಡ್ಡು ಕೊಟ್ಟು ತರುವುದು ಬರೀ ಗೊಂದಲವನ್ನು. ಯಾರ ಬದಲು ಯಾರು ಬಂದರು, ಯಾರ ಫೋನು ಯಾರಿಗೆ ಹೋಯಿತು, ಅಷ್ಟೇ. ಆ ಗೊಂದಲದಲ್ಲಿ ಸಿಕ್ಕಿಬಿದ್ದ ಮನುಷ್ಯನನ್ನು ಮಾತ್ರ ಈ ಊರಲ್ಲೇ ಹುಡುಕಿಕೊಳ್ಳಬೇಕು.

'ಹೇರಾ ಫೇರಿ'ಯನ್ನೇ ನೋಡಿ. ಮೂಲ 1989ರ 'ರಾಮ್‌ಜಿ ರಾವ್ ಸ್ಪೀಕಿಂಗ್', ಸಿದ್ದಿಕ್-ಲಾಲ್ ಜೋಡಿ ನಿರ್ದೇಶಿಸಿದ ಮೊದಲ ಚಿತ್ರ. ಅಲ್ಲಿ ಮನೆ ಯಜಮಾನ ಮನ್ನಾರ್ ಮತ್ತಾಯಿ, ಅಂದರೆ ಇನ್ನೊಸೆಂಟ್. ಅವನದೊಂದು ಮುಚ್ಚುವ ಹಂತ ತಲುಪಿದ ನಾಟಕ ಕಂಪನಿ. ಸಾಲ, ಬಾಡಿಗೆ ಕೊಡದ ಹುಡುಗ, ಕೆಲಸವಿಲ್ಲದ ಇನ್ನೊಬ್ಬ. ಒಂದು ರಾತ್ರಿ ಯಾರಿಗೋ ಹೋಗಬೇಕಾದ ಅಪಹರಣಕಾರನ ಫೋನು ಈ ಮನೆಗೆ ಬರುತ್ತೆ. ಪ್ರಿಯದರ್ಶನ್ 2000ದಲ್ಲಿ ಇದನ್ನು ಹಿಂದಿಗೆ ಒಯ್ದಾಗ ಫೋನನ್ನು ಮುಟ್ಟಲಿಲ್ಲ, ನಾಟಕ ಕಂಪನಿಯನ್ನು ಎತ್ತಿ ಆಚೆಗಿಟ್ಟರು. ಆ ಜಾಗಕ್ಕೆ ಬಂದದ್ದು ಸ್ಟಾರ್ ಗ್ಯಾರೇಜ್. ಪಂಚೆ, ಬನಿಯನ್ನು, ಸೋಡಾ ಗ್ಲಾಸಿನ ಕನ್ನಡಕ ಹಾಕಿಕೊಂಡು ಮರಾಠಿ ಬೆರೆಸಿದ ಹಿಂದಿಯಲ್ಲಿ ಗೊಣಗುವ ಬಾಬೂರಾವ್ ಅಲ್ಲಿ ಹುಟ್ಟಿದ. ಇನ್ನೊಸೆಂಟ್ ಅವರ ಮತ್ತಾಯಿ ಮರ್ಯಾದೆ ಉಳಿಸಿಕೊಳ್ಳಲು ಪೇಚಾಡುವ ಮನುಷ್ಯ. ಪರೇಶ್ ರಾವಲ್ ಅವರ ಬಾಬೂರಾವ್‌ಗೆ ಉಳಿಸಿಕೊಳ್ಳಲು ಮರ್ಯಾದೆಯೇ ಇಲ್ಲ, ಗ್ಲಾಸು ಮಾತ್ರ ಇದೆ. ಕಥೆ ಒಂದೇ, ಆಸಾಮಿ ಬೇರೆ. ಎರಡೂ ಗೆದ್ದವು. ಯಾವುದು ಮೇಲು ಅಂತ ಕೊಚ್ಚಿಯಲ್ಲಿ ಒಂದು ತೀರ್ಪು, ಮುಂಬಯಿಯಲ್ಲಿ ಇನ್ನೊಂದು. ಎರಡೂ ಸರಿ.

ನಮ್ಮ ಮನೆಯ ಉದಾಹರಣೆ ಬೇಕಾದರೆ 'ರಾಮ ಶಾಮ ಭಾಮ'. ಅದರ ಮೂಲ ಬಾಲು ಮಹೇಂದ್ರ ಅವರ 'ಸತಿ ಲೀಲಾವತಿ' ಬಂದದ್ದು 1995ರಲ್ಲಿ, ಅದರ ಮೇಲೂ 'ಶೀ-ಡೆವಿಲ್' ಎಂಬ ಅಮೆರಿಕನ್ ಚಿತ್ರದ ನೆರಳಿದೆ. ತಮಿಳಿನಲ್ಲಿ ಕಮಲ್ ಹಾಸನ್ ಕೊಯಮತ್ತೂರು ಕಡೆಯ ಕೊಂಗು ತಮಿಳಿನಲ್ಲಿ ಎಳೆದೆಳೆದು ಮಾತಾಡಿ ನಗಿಸಿದ್ದರು. ಹೆಂಡತಿಗೆ ಸುಳ್ಳು ಹೇಳುವ ಗಂಡ ನಮ್ಮ ರಮೇಶ್ ಅರವಿಂದ್. ಹತ್ತು ವರ್ಷದ ಮೇಲೆ ಅದೇ ರಮೇಶ್ ಅದೇ ಕಳ್ಳ ಗಂಡನಾಗಿ, ಜೊತೆಗೆ ನಿರ್ದೇಶಕರೂ ಆಗಿ, ಕಮಲ್ ಅವರನ್ನೇ ಕನ್ನಡಕ್ಕೆ ಕರೆತಂದರು. ಕೊಂಗು ತಮಿಳಿನ ಜಾಗಕ್ಕೆ ಏನು? ಬೆಂಗಳೂರಿನ ಪುಸ್ತಕದ ಕನ್ನಡ ಹಚ್ಚಿದ್ದರೆ ಸಿನಿಮಾ ಅಲ್ಲೇ ಮಲಗುತ್ತಿತ್ತು. ಕಮಲ್ ಬಾಯಲ್ಲಿ ಬಂದದ್ದು ಹುಬ್ಬಳ್ಳಿ ಕಡೆಯ ಗಂಡು ಮಾತು. ಕಥೆಯಲ್ಲಿ ಬದಲಾಗಿದ್ದು ಕಡಿಮೆ, ಕಿವಿಗೆ ಮಾತ್ರ ಹೊಸದು. ಇದೇ ಕಥೆ 'ಬೀವಿ ನಂ. 1' ಆಗಿ ಹಿಂದಿಗೆ ಹೋದಾಗ ಹಾಡು ಕುಣಿತಗಳೇ ಜಾಸ್ತಿಯಾದವು. ಅದರ ರುಚಿಯವರಿಗೆ ಅದು.

ಕೆಲವು ಜೋಕುಗಳಿಗೆ ವೀಸಾ ಬೇಕಾಗುವುದೇ ಇಲ್ಲ. ಭಾಗ್ಯರಾಜ್ 'ಮುಂದಾನೈ ಮುಡಿಚ್ಚು' ಚಿತ್ರದಲ್ಲಿ ನುಗ್ಗೇಕಾಯಿಗೆ ತಂದುಕೊಟ್ಟ ಕೀರ್ತಿ 'ಹಳ್ಳಿ ಮೇಷ್ಟ್ರು' ಮೂಲಕ ರವಿಚಂದ್ರನ್ ಅವರಿಗೂ ಬಂತು. 1992ರಿಂದೀಚೆಗೆ ಸಾಂಬಾರಿನಲ್ಲಿ ನುಗ್ಗೇಕಾಯಿ ಕಂಡರೆ ಅಳಿಯನ ಮುಖ ನೋಡಿ ಮುಸಿ ಮುಸಿ ನಗುವ ಕಾಯಿಲೆ ಕರ್ನಾಟಕಕ್ಕೆ ಶಾಶ್ವತವಾಗಿ ಅಂಟಿತು. ಅಡುಗೆಮನೆ ಒಂದೇ ಆದ್ದರಿಂದ ಜೋಕೂ ಬೆಂದಿತು.

ಇನ್ನು ಕೆಲವಕ್ಕೆ ವೀಸಾ ಸಿಗುವುದೇ ಇಲ್ಲ. 'ಮುನ್ನಾಭಾಯಿ ಎಂಬಿಬಿಎಸ್' ತೆಲುಗಿನಲ್ಲಿ ಚಿರಂಜೀವಿಗೆ, ತಮಿಳಿನಲ್ಲಿ ಕಮಲ್‌ಗೆ, 2006ರಲ್ಲಿ ಕನ್ನಡದ ಉಪೇಂದ್ರ ಅವರಿಗೆ 'ಉಪ್ಪಿ ದಾದಾ ಎಂಬಿಬಿಎಸ್' ಆಗಿ ಬಂತು. ದೃಶ್ಯ, ಆಸ್ಪತ್ರೆ, ಅಪ್ಪುಗೆ ಎಲ್ಲ ಬಂದವು. ಆದರೆ ಮೂಲದಲ್ಲಿ ಮಗನನ್ನು ಡಾಕ್ಟರು ಅಂತ ನಂಬಿದ್ದ ಅಪ್ಪ ಸುನಿಲ್ ದತ್, ಮಗ ಸಂಜಯ್ ದತ್. ನಿಜ ಬದುಕಿನಲ್ಲೂ ತಪ್ಪುದಾರಿ ತುಳಿದ ಮಗ, ಎಲ್ಲವನ್ನೂ ನುಂಗಿಕೊಂಡ ಅಪ್ಪ ಎಂಬುದು ದೇಶಕ್ಕೇ ಗೊತ್ತಿದ್ದ ಕಥೆ. ಅವರಿಬ್ಬರೂ ಪರದೆಯ ಮೇಲೆ ಅಪ್ಪಿಕೊಂಡಾಗ ಜನ ನಗುತ್ತಲೇ ಅತ್ತರು. ಅದನ್ನು ಯಾವ ಕರಾರುಪತ್ರದಲ್ಲಿ ಬರೆಸಿಕೊಳ್ಳುತ್ತೀರಿ? ರೀಮೇಕಿನಲ್ಲಿ ಅದೇ ಜಾಗದಲ್ಲಿ ಇಬ್ಬರು ಒಳ್ಳೆಯ ನಟರು ಅಪ್ಪಿಕೊಂಡರು, ಅಷ್ಟೇ.

ಇವೆಲ್ಲದರ ಮೇಲೆ ಕಾಲ ಬೇರೆ ಅಡ್ಡಗಾಲು ಹಾಕುತ್ತೆ. ಪರದೆಯ ಮೇಲೆ ನಂಬರೂ ಹೆಸರೂ ಮೂಡುವ ಈ ಕಾಲದಲ್ಲಿ 'ಹೇರಾ ಫೇರಿ'ಯ ರಾಂಗ್ ನಂಬರ್ ಹತ್ತು ಸೆಕೆಂಡೂ ಬಾಳುವುದಿಲ್ಲ. ಕಿಡ್ನ್ಯಾಪರ್‌ಗೆ ಬಾಬೂರಾವ್ "ಸ್ಪ್ಯಾಮ್" ಅಂತ ಬ್ಲಾಕ್ ಬಟನ್ ಒತ್ತಿದರೆ ಇಂಟರ್‌ವಲ್ಲೇ ಬರುವುದಿಲ್ಲ.

ಈಗ 'ಗಣೇಶನ ಮದುವೆ'ಯನ್ನೇ ಯಾರೋ ಪುಣ್ಯಾತ್ಮರು ಮತ್ತೆ ಮಾಡುತ್ತೇವೆ ಅಂತ ಹೊರಟರು ಅನ್ನಿ. 1990ರ ಚಿತ್ರ. ಒಂದೇ ವಠಾರದಲ್ಲಿ ಎದುರಾದಾಗಲೆಲ್ಲ ಕಚ್ಚಾಡುವ ಇಬ್ಬರು, ಯಾರೆಂದು ತಿಳಿಯದೆ ಕಾಗದದಲ್ಲಿ ಪ್ರೇಮಿಸುತ್ತಾರೆ. ವಠಾರ ಹೋಯಿತು, ಕಾಗದವೂ ಹೋಯಿತು, ಇನ್ನೇನು ರೀಮೇಕ್ ಅಂತ ಕೈಚೆಲ್ಲಬೇಡಿ. ಇಂಥದೇ ಗಂಟಿನ 'ದಿ ಶಾಪ್ ಅರೌಂಡ್ ದಿ ಕಾರ್ನರ್' 1940ರಲ್ಲಿ ಬಂದಿತ್ತು. ಅದರಲ್ಲಿದ್ದ ಕಾಗದವನ್ನು 1998ರಲ್ಲಿ ಈಮೇಲ್ ಮಾಡಿ 'ಯೂ ಹ್ಯಾವ್ ಗಾಟ್ ಮೇಲ್' ಗೆಲ್ಲಲಿಲ್ಲವೇ? ನಾವೂ ವಠಾರವನ್ನು ಅಪಾರ್ಟ್‌ಮೆಂಟ್ ಮಾಡೋಣ. ಬಾಡಿಗೆದಾರರನ್ನು ಕಾಡುವ ಓನರ್ ಜಾಗಕ್ಕೆ ಅಸೋಸಿಯೇಷನ್ ಸೆಕ್ರೆಟರಿ ಬರಲಿ. ನೀರಿನ ಜಗಳ ಹೇಗೂ ಇದ್ದೇ ಇದೆ, ಈಗ ಟ್ಯಾಂಕರ್ ಲೆಕ್ಕದಲ್ಲಿ. ಕಾಗದದ ಬದಲು ಫೋಟೋ ಇಲ್ಲದ ಪ್ರೊಫೈಲು. ನಾಯಕ ನಾಯಕಿ ವಾಟ್ಸಾಪ್ ಗ್ರೂಪಿನಲ್ಲಿ ಪಾರ್ಕಿಂಗಿಗೆ ಕಿತ್ತಾಡಿ, ರಾತ್ರಿ ಆ್ಯಪಿನಲ್ಲಿ ಕವಿತೆ ಕಳಿಸಿಕೊಳ್ಳಲಿ.

ಕಥೆ ರೆಡಿ, ಲೊಕೇಶನ್ ರೆಡಿ, ದುಡ್ಡು ಹಾಕುವವರೂ ಸಿಕ್ಕಾರು. ಬೈಸಿಕೊಂಡ ಮೇಲೂ ಏನೂ ಆಗದವನಂತೆ ಒಂದು ನಿಮಿಷ ಸುಮ್ಮನೆ ನಿಂತು, ಹುಬ್ಬು ಅಲುಗಿಸಿಯೇ ಇಡೀ ಥಿಯೇಟರ್ ನಗಿಸಲು ಒಬ್ಬ ಅನಂತ್ ನಾಗ್ ಬೇಕಲ್ಲ, ಆ ಹುಡುಕಾಟ ಮುಗಿದ ಮೇಲೆ ಮುಹೂರ್ತ ಇಟ್ಟುಕೊಳ್ಳಿ.